ಒಂದು ಮೂಲೆಯಲ್ಲಿ ಕತ್ತರಿಸುತ್ತೆ, ಇನ್ನೊಂದರಲ್ಲಿ ಇಲ್ಲ

ಪೂರ್ತಿ ಕೆಟ್ಟು ನಿಂತ ಮೆಷಿನ್ ರಿಪೇರಿ ಮಾಡುವುದು ಒಂದು ರೀತಿಯಲ್ಲಿ ಸುಲಭ. ಪಂಪ್ ಓಡುತ್ತಿಲ್ಲ, ವೈರ್ ಬಿಟ್ಟಿದೆ, ಫ್ಯೂಸ್ ಹೋಗಿದೆ. ಹುಡುಕಿದರೆ ಸಿಗುತ್ತದೆ. ತಲೆ ಕೆಡಿಸುವುದು ಅರ್ಧಂಬರ್ಧ ಕೆಲಸ ಮಾಡುವ ಮೆಷಿನ್. ಲೇಸರ್ ಕಟರ್‌ನಲ್ಲಿ 3 ಮಿ.ಮೀ. ಪ್ಲೈವುಡ್ ಇಟ್ಟು ಒಂದಿಷ್ಟು ವೃತ್ತ ಕತ್ತರಿಸಲು ಹಾಕುತ್ತೀರಿ. ಎಡಗಡೆ ಹಿಂದಿನ ಮೂಲೆಯ ವೃತ್ತಗಳು ಹಾಳೆ ಎತ್ತಿದ ಕೂಡಲೇ ಪಟಪಟನೆ ಉದುರುತ್ತವೆ. ಬಲಗಡೆ ಮುಂದಿನವು ನಾಲ್ಕು ನಾರು ಹಿಡಿದುಕೊಂಡು ಅಲ್ಲೇ ನೇತಾಡುತ್ತವೆ. ಪವರ್ ಅದೇ, ಸ್ಪೀಡ್ ಅದೇ, ಹಾಳೆಯೂ ಅದೇ. ಹೋದ ವಾರ ಚೆನ್ನಾಗಿ ಬಂದ ಫೈಲ್ ಈ ವಾರ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಪವರ್ ಗುಂಡಿಯ ಕಡೆ ಹೋಗುತ್ತದೆ. ಸ್ವಲ್ಪ ಏರಿಸೋಣ, ಇಲ್ಲಾಂದ್ರೆ ಸ್ಪೀಡ್ ಇಳಿಸೋಣ, ಅದೂ ಆಗದಿದ್ದರೆ ಅದೇ ಗೆರೆ ಮೇಲೆ ಇನ್ನೊಂದು ಸಲ ಓಡಿಸೋಣ. ಕೆಲಸವೇನೋ ಮುಗಿಯುತ್ತದೆ. ಆದರೆ ಮೊದಲೇ ಚೆನ್ನಾಗಿ ಕತ್ತರಿಸುತ್ತಿದ್ದ ಮೂಲೆ ಈಗ ಕರಕಲಾಗುತ್ತದೆ. ಗೆರೆ ಅಗಲವಾಗಿ, ಒಂದಕ್ಕೊಂದು ಬಿಗಿಯಾಗಿ ಕೂರಬೇಕಾದ ತುಂಡುಗಳು ಲಟಲಟ ಅನ್ನುತ್ತವೆ. ಕಿರಣ ಹುಟ್ಟಿಸುವ ಟ್ಯೂಬಿಗೂ ಹೊಡೆತ. ಪುಟ್ಟ ಮೆಷಿನ್‌ಗಳಲ್ಲಿ ಬರುವ 40 ವ್ಯಾಟ್ ಗಾಜಿನ ಟ್ಯೂಬಿಗೆ 15-18 ಮಿಲಿ ಆಂಪಿಯರ್ ದಾಟಿಸಿ ಕರೆಂಟ್ ಕೊಟ್ಟರೆ ಬೆಳಕು ಹೆಚ್ಚುವುದು ಕಡಿಮೆ, ಟ್ಯೂಬ್ ಬೇಗ ಸೋಲುವುದು ಜಾಸ್ತಿ. ಇದೆಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಯಾವ ಜಾಗದಲ್ಲಿ ಕತ್ತರಿಸಲಿಲ್ಲ ಅನ್ನುವುದೇ ಮೆಷಿನ್ ನಮಗೆ ಕೊಡುವ ಸುಳಿವು. ಪವರ್ ಏರಿಸಿದರೆ ಅದನ್ನು ಓದುವ ಮೊದಲೇ ಅಳಿಸಿಬಿಟ್ಟಂತೆ.

ಹಾಗಾಗಿ ಈ ತೊಂದರೆ ಎದುರಾದಾಗ ನಾನು ಸೆಟ್ಟಿಂಗ್ ಮುಟ್ಟುವುದಿಲ್ಲ. ಮೊದಲು ಮೂರು ವಿಷಯ ತಿಳಿದುಕೊಳ್ಳಬೇಕು. ಹಾಳೆ ಇಡುವ ಬೆಡ್‌ನ ಒಂದೇ ಜಾಗದಲ್ಲಿ ಹೀಗಾಗುತ್ತಾ? ಸ್ವಲ್ಪ ಹೊತ್ತು ಓಡಿದ ಮೇಲೆ ಹೀಗಾಗುತ್ತಾ? ಅಥವಾ ಈ ಹಾಳೆಯಲ್ಲಿ ಮಾತ್ರ ಹೀಗಾಗುತ್ತಾ? ಜಾಗ, ಹೊತ್ತು, ಹಾಳೆ. ಈ ಮೂರರ ಕಾರಣಗಳು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಇದನ್ನು ಪತ್ತೆ ಮಾಡಲು ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಬೆಡ್ ಪೂರ್ತಿ ಹರಡುವ ಹಾಗೆ ಮೂರು ಸಾಲಿನಲ್ಲಿ ಒಂಬತ್ತು ಸಣ್ಣ ಚೌಕ ಬರೆದುಕೊಳ್ಳಿ, ಒಂದೊಂದು 20 ಮಿ.ಮೀ. ಇದ್ದರೆ ಸಾಕು. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಯಾವ ಬದಿ ಹಿಂದೆ ಅಂತ ಬಾಣದ ಗುರುತು ಮಾಡಿ. ಪವರ್ ಅನ್ನು ಕಷ್ಟಪಟ್ಟು ಆರಪಾರ ಹೋಗುವಷ್ಟಕ್ಕೆ ಮಾತ್ರ ಇಡಿ. ಜಾಸ್ತಿ ಇಟ್ಟರೆ ಒಂಬತ್ತೂ ಉದುರುತ್ತವೆ, ಏನೂ ಗೊತ್ತಾಗುವುದಿಲ್ಲ. ಈಗ ಕತ್ತರಿಸಿ ನೋಡಿ. ಆಮೇಲೆ ಅದೇ ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ, ನಡುವೆ ಉಳಿದ ಜಾಗದಲ್ಲಿ ಇನ್ನೊಂದು ಸಲ ಅದೇ ಒಂಬತ್ತು. ಕತ್ತರಿಸದ ಜಾಗ ಹಾಳೆಯ ಜೊತೆ ತಿರುಗಿತಾ? ಹಾಗಾದರೆ ತಪ್ಪು ಹಾಳೆಯದು. ಹಾಳೆ ತಿರುಗಿದರೂ ಬೆಡ್‌ನ ಅದೇ ಮೂಲೆ ಹಟ ಹಿಡಿದಿದೆಯಾ? ಹಾಗಾದರೆ ತಪ್ಪು ಮೆಷಿನ್‌ನದು. ಕೊನೆಗೊಮ್ಮೆ ಕತ್ತರಿಸುವ ಕ್ರಮವನ್ನು ತಿರುವುಮುರುವು ಮಾಡಿ. ಯಾವ ಮೂಲೆಯೇ ಆಗಲಿ, ಕೊನೆಗೆ ಬಂದ ಚೌಕಗಳೇ ಸೋಲುತ್ತಿದ್ದರೆ ಏನೋ ಒಂದು ಬಿಸಿಯಾಗುತ್ತಿದೆ.

ಇಷ್ಟು ಮಾಡಿದರೆ ಹುಡುಕುವ ಜಾಗ ಮೂರರಲ್ಲಿ ಒಂದು ಪಾಲಾಗುತ್ತದೆ. ಇದಕ್ಕೆ ಪ್ಲೈವುಡ್ ಬದಲು ಅಕ್ರಿಲಿಕ್ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಅದರೊಳಗೆ ನಾರು, ಗಂಟು, ಅಂಟು ಯಾವುದೂ ಇಲ್ಲ. ಎರಕದ ಅಕ್ರಿಲಿಕ್ ದಪ್ಪದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಹಾಗಾಗಿ ನಾಲ್ಕು ಅಂಚಲ್ಲೂ ಕ್ಯಾಲಿಪರ್ ಇಟ್ಟು ನೋಡಿಕೊಳ್ಳಿ.

ಬೆಡ್‌ನ ದೂರದ ಮೂಲೆಯೇ ಸೋಲುತ್ತಿದ್ದರೆ ನನ್ನ ಮೊದಲ ಅನುಮಾನ ಕನ್ನಡಿಗಳ ಮೇಲೆ. ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮೆಷಿನ್‌ನಲ್ಲಿ ಟ್ಯೂಬ್ ಹಿಂದುಗಡೆ ಅಡ್ಡ ಮಲಗಿರುತ್ತದೆ. ಅದರಿಂದ ಹೊರಟ ಕಿರಣ ಮೂಲೆಯಲ್ಲಿ ಅಲ್ಲಾಡದೆ ನಿಂತ ಮೊದಲ ಕನ್ನಡಿಗೆ ಬಡಿದು ಮುಂದಕ್ಕೆ ತಿರುಗುತ್ತದೆ. ಎರಡನೇ ಕನ್ನಡಿ ಹಿಂದೆ ಮುಂದೆ ಓಡಾಡುವ ಅಡ್ಡಪಟ್ಟಿಯ ತುದಿಯಲ್ಲಿದೆ. ಅದು ಕಿರಣವನ್ನು ಬಲಕ್ಕೆ ಕಳಿಸುತ್ತದೆ. ಮೂರನೆಯದು ಹಾಳೆಯ ಮೇಲೆ ಓಡಾಡಿ ಕತ್ತರಿಸುವ ಹೆಡ್ ಮೇಲೆ ಕೂತು ಕಿರಣವನ್ನು ಕೆಳಗೆ ಲೆನ್ಸ್ ಕಡೆ ಇಳಿಸುತ್ತದೆ. ಹೆಡ್ ಹತ್ತಿರದ ಮೂಲೆಯಲ್ಲಿದ್ದಾಗ ದಾರಿ ಗಿಡ್ಡ. ಎದುರು ಮೂಲೆಗೆ ಹೋದಾಗ ಉದ್ದ. ಮೊದಲ ಕನ್ನಡಿ ಬರೀ 0.1 ಡಿಗ್ರಿ ಓರೆಯಾಗಿದೆ ಅಂದುಕೊಳ್ಳಿ. ಕನ್ನಡಿ ಓರೆಯಾದಷ್ಟರ ಎರಡರಷ್ಟು ಕಿರಣ ಓರೆಯಾಗುತ್ತದೆ, ಅಂದರೆ 0.2 ಡಿಗ್ರಿ. ಅರ್ಧ ಮೀಟರ್ ಹೋಗುವಷ್ಟರಲ್ಲಿ ಅದು ಸುಮಾರು 1.7 ಮಿ.ಮೀ. ಆಚೆ ಸರಿದಿರುತ್ತದೆ. ಕಿರಣದ ಅಗಲವೇ ಕೆಲವು ಮಿ.ಮೀ., ಹೆಡ್‌ನ ತಳದಲ್ಲಿ ಕಿರಣ ಹೊರಬರುವ ನಾಜಲ್‌ನ ತೂತೂ ಅಷ್ಟೇ. 1.7 ಸರಿದರೆ ಒಂದು ಪಾಲು ನಾಜಲ್ ಗೋಡೆಗೆ ಬಡಿಯುತ್ತದೆ. ಮರಕ್ಕೆ ಹೋಗಬೇಕಾದ ಶಾಖ ನಾಜಲ್‌ಗೆ ಹೋಯಿತು.

ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದರ ಅಲೆಯುದ್ದ 10.6 ಮೈಕ್ರೋಮೀಟರ್, ಕೆಂಪು ಬೆಳಕಿಗಿಂತ ಎಷ್ಟೋ ಆಚೆ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಈ ಲೇಸರ್ ಕಂಡುಹಿಡಿದರು. ಮರ, ಚರ್ಮ, ಅಕ್ರಿಲಿಕ್ ಎಲ್ಲ ಈ ಅಲೆಯುದ್ದವನ್ನು ಚೆನ್ನಾಗಿ ಹೀರುತ್ತವೆ. ಅದಕ್ಕೇ ಇಷ್ಟು ಪುಟ್ಟ ಮೆಷಿನ್ ಕೂಡ ಇವನ್ನು ಕತ್ತರಿಸುತ್ತದೆ. ಕಾಣದ ಕಿರಣವನ್ನು ಅದು ಬಿಟ್ಟುಹೋದ ಸುಟ್ಟ ಗುರುತಿನಿಂದಲೇ ತಿಳಿಯಬೇಕು. ಅದಕ್ಕೆ ಬೇಕಾಗುವುದು ಒಂದು ಸುರುಳಿ ಮಾಸ್ಕಿಂಗ್ ಟೇಪ್.

ಟೇಪ್ ತುಂಡನ್ನು ಎರಡನೇ ಕನ್ನಡಿಯ ಚೌಕಟ್ಟಿನ ಮುಂದೆ ಅಂಟಿಸಿ. ಕನ್ನಡಿಗೆ ತಾಗದ ಹಾಗೆ ನೋಡಿಕೊಳ್ಳಿ, ಇಲ್ಲಾಂದ್ರೆ ಟೇಪ್ ಸುಟ್ಟ ಹೊಗೆ ಅದರ ಮೇಲೇ ಕೂರುತ್ತದೆ. ಅಡ್ಡಪಟ್ಟಿಯನ್ನು ಹಿಂದೆ ತಂದು, ಕಡಿಮೆ ಪವರ್‌ನಲ್ಲಿ ಒಂದು ಕ್ಷಣ ಹೊಡೆಯಿರಿ. ಆಮೇಲೆ ಮುಂದೆ ತಳ್ಳಿ, ಟೇಪ್ ಬದಲಿಸದೆ ಇನ್ನೊಂದು ಸಲ. ಈ ಎರಡು ಗುರುತನ್ನು ಹತ್ತಿರದಿಂದ ನೋಡಿ. ಒಳ್ಳೆಯ ಕಿರಣದ ಗುರುತು ದುಂಡಗಿರುತ್ತದೆ. ನಡುವೆ ಕಪ್ಪು, ಅಂಚಿಗೆ ಹೋಗುತ್ತ ತಿಳಿ ಕಂದು. ಒಂದು ಬದಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಹಿಂದಿನ ಯಾವುದೋ ಚೌಕಟ್ಟು ಕಿರಣದ ಒಂದು ಪಾಲನ್ನು ತಡೆಯುತ್ತಿದೆ. ನಡುವೆ ಸುಡದೆ ಸುತ್ತಲೂ ಮಾತ್ರ ಸುಟ್ಟಿದ್ದರೆ ಟ್ಯೂಬಿನೊಳಗೇ ಏನೋ ಬದಲಾಗಿದೆ. ಎರಡು ಗುರುತು ಒಂದರ ಮೇಲೊಂದು ಸರಿಯಾಗಿ ಕೂತು ಒಂದೇ ಚುಕ್ಕೆಯಾಗಿ ಕಂಡರೆ ಕಿರಣ ನೇರವಾಗಿ ಹೋಗುತ್ತಿದೆ. ಅಕ್ಕಪಕ್ಕ ಬಿದ್ದಿದ್ದರೆ ಮೊದಲ ಕನ್ನಡಿಯ ಹಿಂದಿರುವ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಮತ್ತೆ ನೋಡಬೇಕು. ಇದು ಕೂಡಿಬಂದ ಮೇಲೆ ಹೆಡ್‌ನ ಬಾಯಿಗೆ ಟೇಪ್ ಹಾಕಿ, ಎಡ ಬಲ ಓಡಿಸಿ, ಎರಡನೇ ಕನ್ನಡಿಯಲ್ಲಿ ಇದೇ ಕೆಲಸ.

ಇಲ್ಲಿ ತುಂಬ ಜನ ದಾರಿ ತಪ್ಪುವುದು ಒಂದೇ ವಿಷಯದಲ್ಲಿ. ಗುರುತು ಕನ್ನಡಿಯ ನಟ್ಟನಡುವೆ ಬೀಳಲಿ ಅಂತ ಸ್ಕ್ರೂ ತಿರುಗಿಸುತ್ತ ಹೋಗುತ್ತಾರೆ. ಹತ್ತಿರದ ಗುರುತು ನಡುವೆ ಬರುತ್ತದೆ, ದೂರದ್ದು ಇನ್ನೂ ಆಚೆ ಓಡುತ್ತದೆ. ಸ್ಕ್ರೂ ಬದಲಿಸುವುದು ಕಿರಣದ ಕೋನವನ್ನು. ಹತ್ತಿರ ಮತ್ತು ದೂರದ ಗುರುತು ಒಂದಾಗಿಸುವುದಷ್ಟೇ ಅದರ ಕೆಲಸ. ಎರಡೂ ಒಂದೇ ಕಡೆ ಬೀಳುತ್ತಿವೆ, ಆದರೆ ನಡುವೆ ಬೀಳುತ್ತಿಲ್ಲ ಅಂತಾದರೆ ಸ್ಕ್ರೂ ಮುಟ್ಟಬಾರದು. ಆಗ ಟ್ಯೂಬನ್ನೋ ಕನ್ನಡಿಯ ಸ್ಟ್ಯಾಂಡನ್ನೋ ಒಂದಿಷ್ಟು ಎತ್ತಬೇಕು ಅಥವಾ ಸರಿಸಬೇಕು. ಮೊದಲು ನೇರ, ಆಮೇಲೆ ನಡು. ಈ ಕ್ರಮ ಬಿಟ್ಟರೆ ದಿನಪೂರ್ತಿ ಸುಮ್ನೆ ಸ್ಕ್ರೂ ತಿರುಗಿಸುತ್ತ ಕೂರಬೇಕಾಗುತ್ತದೆ.

ಕಿರಣ ಲೆನ್ಸ್‌ಗೆ ನೆಟ್ಟಗೆ ಇಳಿಯುತ್ತಿದೆಯಾ ಅನ್ನುವುದನ್ನು ಕತ್ತರಿಸಿದ ತುಂಡೇ ಹೇಳುತ್ತದೆ. ದಪ್ಪ ಅಕ್ರಿಲಿಕ್‌ನ ಒಂದು ಚೌಕವನ್ನು ಕೈಯಲ್ಲಿ ಹಿಡಿದು ನಾಲ್ಕು ಗೋಡೆಯನ್ನೂ ಬೆಳಕಿಗೆ ಒಡ್ಡಿ ನೋಡಿ. ಕಿರಣ ಫೋಕಸ್ ಆಗುವಾಗ ಸೊಂಟ ಸಣ್ಣಗಾಗುವುದರಿಂದ ಎದುರುಬದುರು ಗೋಡೆಗಳು ಸ್ವಲ್ಪ ಓರೆ ಇರುವುದು ಸಹಜ, ಆದರೆ ಅವು ಸರಿಸಮ ಇರಬೇಕು. ಎರಡೂ ಒಂದೇ ಕಡೆ ವಾಲಿದ್ದರೆ ಕಿರಣ ಓರೆಯಾಗಿ ಇಳಿಯುತ್ತಿದೆ. ಗೆರೆಯ ಪಕ್ಕದಲ್ಲೇ ಇನ್ನೊಂದು ಮಸುಕು ಗೆರೆ ಕಂಡರೆ ನಾಜಲ್ ಒಳಗೆ ಬಡಿದು ಚದುರಿದ ಕಿರಣ ಅದನ್ನು ಬರೆದಿದೆ ಅನ್ನಿ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಈ ಕೆಲಸದಲ್ಲಿ ಮುಚ್ಚಳ ತೆರೆದು ಹೊಡೆಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಟೇಪ್ ಅಂಟಿಸಿ, ಮುಚ್ಚಿ, ಹೊಡೆದು, ಮತ್ತೆ ತೆರೆದು ನೋಡಿ. ಆ ಅಲೆಯುದ್ದಕ್ಕೆ ಅಂತಲೇ ಮಾಡಿದ ಕನ್ನಡಕ ಹಾಕಿಕೊಳ್ಳಿ. ಟ್ಯೂಬಿನ ತುದಿಯಲ್ಲಿ 15,000 ವೋಲ್ಟ್‌ಗೂ ಮೇಲೆ ಇರುತ್ತದೆ, ಅದು ಜೀವ ತೆಗೆಯುವ ಕರೆಂಟ್. ಪರೀಕ್ಷೆಗೆ ಅಂತ ಯಾವುದೋ ಪ್ಲಾಸ್ಟಿಕ್ ತುಂಡು ಹಾಕಬೇಡಿ. ಪಿವಿಸಿ ಆಗಿದ್ದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಶ್ವಾಸಕೋಶವನ್ನೂ ಮೆಷಿನ್‌ನ ಲೋಹವನ್ನೂ ತಿನ್ನುತ್ತದೆ. ಮೆಷಿನ್ ಓಡುವಾಗ ಪಕ್ಕದಲ್ಲೇ ಇರಿ.

ಕನ್ನಡಿ ಸರಿ ಇದ್ದೂ ಒಂದು ಮೂಲೆ ಸೋಲುತ್ತಿದ್ದರೆ ಬೆಡ್ ಮಟ್ಟ ನೋಡಬೇಕು. ಫೋಕಸ್ ವಿಷಯದಲ್ಲಿ ಎಷ್ಟು ಸಣ್ಣ ಅಳತೆ ಎಷ್ಟು ದೊಡ್ಡ ಪರಿಣಾಮ ಮಾಡುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಈ ಮೆಷಿನ್‌ಗಳಲ್ಲಿ 50.8 ಮಿ.ಮೀ. ಫೋಕಸ್ ದೂರದ ಲೆನ್ಸ್ ಸಾಮಾನ್ಯ. ಅದರ ಮೇಲೆ 5 ಮಿ.ಮೀ. ಅಗಲದ ಒಳ್ಳೆಯ ಕಿರಣ ಬಿದ್ದರೆ ಕೆಳಗೆ ಮೂಡುವ ಚುಕ್ಕೆ ಸುಮಾರು 0.14 ಮಿ.ಮೀ. ಆ ಜಾಗದಿಂದ ಮೇಲಕ್ಕೋ ಕೆಳಕ್ಕೋ 1.4 ಮಿ.ಮೀ. ಸರಿದರೆ ಚುಕ್ಕೆಯ ವಿಸ್ತೀರ್ಣ ಎರಡರಷ್ಟಾಗುತ್ತದೆ. ಅದೇ ಶಾಖ ಎರಡರಷ್ಟು ಜಾಗಕ್ಕೆ ಹಂಚಿಹೋಯಿತು. 3 ಮಿ.ಮೀ. ಸರಿದರೆ ಐದು ಪಟ್ಟಿಗೂ ಮೇಲೆ. ಬಾಗಿದ ಪ್ಲೈವುಡ್ ಹಾಳೆಯ ನಡುಭಾಗ 3 ಮಿ.ಮೀ. ಎದ್ದಿರುವುದು ದೊಡ್ಡ ವಿಷಯವೇನಲ್ಲ, ಅಲ್ವಾ? ಕಣ್ಣಿಗೆ ಚಪ್ಪಟೆಯಾಗೇ ಕಾಣುತ್ತದೆ.

ಅದಕ್ಕೆ ನಾನು ನಾಜಲ್ ಮತ್ತು ಹಾಳೆಯ ನಡುವೆ ಸರಿಯಾದ ಎತ್ತರದ ಒಂದು ಮರದ ತುಂಡು ಇಟ್ಟುಕೊಂಡು ನಾಲ್ಕು ಮೂಲೆ ಮತ್ತು ನಡುವೆ ಅಳೆಯುತ್ತೇನೆ. ಸರಿಯಾದ ಎತ್ತರ ಯಾವುದು ಅಂತ ಗೊತ್ತಿಲ್ಲದಿದ್ದರೆ ಒಂದು ಪಟ್ಟಿಯನ್ನು ಇಳಿಜಾರಾಗಿ ಒರಗಿಸಿ, ಅದರ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಗೆರೆ ಎಲ್ಲಿ ಕೂದಲೆಳೆಯಷ್ಟು ಸಣ್ಣಗಿದೆಯೋ ಅಲ್ಲಿ ಫೋಕಸ್. ಹಾಳೆ ಬಾಗಿದ್ದರೆ ಅಯಸ್ಕಾಂತವನ್ನೋ ಭಾರವನ್ನೋ ಇಟ್ಟು ಒತ್ತಿಹಿಡಿಯಿರಿ. ನಾಜಲ್ ಓಡುವ ದಾರಿಗೆ ಅಡ್ಡ ಬರದ ಹಾಗೆ.

ಇನ್ನು ಹೊತ್ತಿನ ಪ್ರಶ್ನೆ. ಶುರುವಲ್ಲಿ ಚೆನ್ನಾಗಿ ಕತ್ತರಿಸಿ ಹೋಗ್ತಾ ಹೋಗ್ತಾ ಸೋಲುವ ಮೆಷಿನ್‌ನಲ್ಲಿ ಮೊದಲು ಲೆನ್ಸ್ ಬಿಚ್ಚಿ ನೋಡಿ. ಗಾಜು ಈ ಅಲೆಯುದ್ದವನ್ನು ಬಿಡುವುದಿಲ್ಲ, ಹಾಗಾಗಿ ಲೆನ್ಸ್ ಸಾಮಾನ್ಯವಾಗಿ ಸತುವಿನ ಸೆಲೆನೈಡ್‌ನದು, ತಿಳಿ ಹಳದಿ ಬಣ್ಣ. ಪ್ಲೈವುಡ್ ಅಂಟಿನ ಹೊಗೆ ಅದರ ತಳದಲ್ಲಿ ಕಂದು ಪೊರೆಯಾಗಿ ಕೂರುತ್ತದೆ. ಎದುರಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಓರೆಯಾಗಿ ಹಿಡಿದು ದೀಪದ ಬೆಳಕು ಅದರ ಮೇಲೆ ಜಾರುವ ಹಾಗೆ ತಿರುಗಿಸಿದಾಗ ನಡುವೆ ಒಂದು ಮಂಕು ಮಚ್ಚೆ ಕಾಣುತ್ತದೆ. ಆ ಮಚ್ಚೆ ಕಿರಣವನ್ನು ಹೀರಿ ಬಿಸಿಯಾಗುತ್ತದೆ, ಲೆನ್ಸ್ ಬಿಸಿಯಾದಂತೆ ಫೋಕಸ್ ದೂರವೂ ಬದಲಾಗುತ್ತದೆ. ತಣ್ಣಗಿದ್ದಾಗ ಕತ್ತರಿಸಿದ ಮೆಷಿನ್ ಸ್ವಲ್ಪ ಹೊತ್ತಿಗೆ ಸೋಲುವುದು ಹೀಗೆ. ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿದ ಲೆನ್ಸ್ ಪೇಪರನ್ನು ಒತ್ತದೆ ಒಂದೇ ದಿಕ್ಕಿಗೆ ಎಳೆಯಿರಿ. ಪ್ರತಿ ಸಲಕ್ಕೂ ಹೊಸ ಪೇಪರ್. ಅಂಚು ಮಾತ್ರ ಹಿಡಿಯಿರಿ, ಮತ್ತೆ ಕೂರಿಸುವಾಗ ಉಬ್ಬಿದ ಮುಖ ಮೇಲೆ ಬರಲಿ. ಲೆನ್ಸ್ ಒಡೆದರೆ ಅದರ ಪುಡಿ ವಿಷ, ಬರಿಗೈಯಲ್ಲಿ ಬಾಚಬೇಡಿ.

ಲೆನ್ಸ್ ಸ್ವಚ್ಛವಾಗಿದ್ದರೆ ನೀರು ನೋಡಿ. ಟ್ಯೂಬಿಗೆ ಕೊಟ್ಟ ಕರೆಂಟ್‌ನಲ್ಲಿ ಬೆಳಕಾಗುವುದು ಸಣ್ಣ ಪಾಲು, ಉಳಿದದ್ದೆಲ್ಲ ಶಾಖ. ಅದನ್ನು ಹೊತ್ತೊಯ್ಯುವುದು ನೀರು. ನೀರು ಬಿಸಿಯಾದಂತೆ ಕಿರಣದ ಶಕ್ತಿ ಇಳಿಯುತ್ತದೆ. 20 ಡಿಗ್ರಿ ಆಸುಪಾಸು ಇದ್ದರೆ ಚೆಂದ, 25 ದಾಟಬಾರದು. ಐಸ್ ಹಾಕಿ ತೀರಾ ತಣ್ಣಗೆ ಮಾಡಿದರೆ ಟ್ಯೂಬಿನ ಮೇಲೆ ಗಾಳಿಯ ಪಸೆ ಹನಿಗಟ್ಟುತ್ತದೆ, ಅಷ್ಟೊಂದು ವೋಲ್ಟೇಜ್ ಪಕ್ಕದಲ್ಲಿ ಅದು ಅಪಾಯ. ಟ್ಯೂಬಿನೊಳಗೆ ಗಾಳಿ ಗುಳ್ಳೆ ನಿಂತಿದ್ದರೆ ಮೆಷಿನ್ ಓರೆ ಮಾಡಿ ಗುಳ್ಳೆಯನ್ನು ಹೊರಗೆ ಕಳಿಸಿ. ಗುಳ್ಳೆ ನಿಂತ ಜಾಗ ಕಾದು ಗಾಜು ಸೀಳಬಹುದು.

ಟ್ಯೂಬಿನ ಕರೆಂಟ್ ತೋರಿಸುವ ಮುಳ್ಳಿನ ಮೀಟರ್ ಇಲ್ಲದ ಮೆಷಿನ್‌ಗೆ, ಗೊತ್ತಿರುವವರ ಕೈಯಲ್ಲಿ, ಅದೊಂದನ್ನು ಹಾಕಿಸಿಕೊಳ್ಳಿ. ಪರದೆಯ ಮೇಲಿನ ಶೇಕಡಾ ಲೆಕ್ಕ ನೀವು ಕೇಳಿದ್ದು. ಮೀಟರ್ ತೋರಿಸುವುದು ಟ್ಯೂಬಿಗೆ ಸಿಕ್ಕಿದ್ದು. ಮುಳ್ಳು ಅಲ್ಲಾಡದೆ ನಿಂತಿದೆ, ಆದರೂ ಕತ್ತರಿಸುತ್ತಿಲ್ಲ ಅಂದರೆ ಟ್ಯೂಬಿಗೆ ಕರೆಂಟ್ ಸರಿಯಾಗಿ ಸಿಗುತ್ತಿದೆ. ತೊಂದರೆ ನೀರು, ಕನ್ನಡಿ, ಲೆನ್ಸ್, ಫೋಕಸ್ ಅಥವಾ ಟ್ಯೂಬಿನ ಮುಪ್ಪಿನಲ್ಲಿದೆ. ಮುಳ್ಳೇ ಕುಣಿಯುತ್ತಿದ್ದರೆ ಕನ್ನಡಿ ಮುಟ್ಟಿ ಪ್ರಯೋಜನವಿಲ್ಲ. ಪವರ್ ಸಪ್ಲೈ, ಸಡಿಲ ಜೋಡಣೆ ಅಥವಾ ಸವೆದ ಪವರ್ ಗುಂಡಿ ನೋಡಬೇಕು. ಈ ಒಂದು ಮೀಟರ್ ಉಳಿಸುವಷ್ಟು ಸಮಯವನ್ನು ಬೇರೆ ಯಾವ ಬಿಡಿಭಾಗವೂ ಉಳಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೀರಾ ಕಡಿಮೆ ಕರೆಂಟ್‌ನಲ್ಲಿ, 4-5 ಮಿಲಿ ಆಂಪಿಯರ್ ಆಸುಪಾಸು, ಗಾಜಿನ ಟ್ಯೂಬ್ ಸರಿಯಾಗಿ ಹೊತ್ತಿಕೊಳ್ಳದೆ ಗೆರೆ ತುಂಡು ತುಂಡಾಗಿ ಬರುವುದುಂಟು. ಅದು ಕೆಟ್ಟಿರುವ ಲಕ್ಷಣವಲ್ಲ.

ಕೆಲವು ಸಲ ಕಿರಣದಲ್ಲಿ ಏನೂ ತೊಂದರೆ ಇರುವುದಿಲ್ಲ, ಓಟದಲ್ಲಿ ಇರುತ್ತದೆ. ಹೆಡ್ ಮೂಲೆ ತಿರುಗುವಾಗ ನಿಧಾನವಾಗುತ್ತದೆ, ಆದರೆ ಪವರ್ ಅಷ್ಟೇ ಇದ್ದರೆ ಮೂಲೆ ಸುಡುತ್ತದೆ. ಸಣ್ಣ ವೃತ್ತದಲ್ಲಿ ನೀವು ಹೇಳಿದ ಸ್ಪೀಡ್ ಅದಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಒಂದೇ ಸೆಟ್ಟಿಂಗ್‌ನಲ್ಲಿ ಸಣ್ಣವು ಉದುರಿ ದೊಡ್ಡವು ಉಳಿಯುತ್ತವೆ. ಟ್ಯೂಬ್ ಬದಲು ಸಣ್ಣ ಡಯೋಡ್‌ನಿಂದ ಕಿರಣ ಬರುವ ಡಯೋಡ್ ಲೇಸರ್‌ಗಳಲ್ಲಿ ಹೆಚ್ಚಾಗಿ ಬಳಸುವ, ಮೆಷಿನ್ ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1ರಲ್ಲಿ ಇದಕ್ಕೆ ಎಂ4 ಅನ್ನುವ ಆದೇಶವಿದೆ, ಅದು ಓಟಕ್ಕೆ ತಕ್ಕಂತೆ ಪವರ್ ಇಳಿಸುತ್ತದೆ. ವೃತ್ತ ಸುತ್ತಲೂ ಕತ್ತರಿಸಿ ಒಂದೇ ಒಂದು ಜಾಗದಲ್ಲಿ, ಶುರು ಮಾಡಿದಲ್ಲೇ, ಅಂಟಿಕೊಂಡಿದ್ದರೆ ಬೆಲ್ಟ್ ಎಳೆದು ನೋಡಿ. ಸಡಿಲ ಬೆಲ್ಟ್‌ನಲ್ಲಿ ಶುರುವೂ ಕೊನೆಯೂ ಕೂಡುವುದಿಲ್ಲ. ಅಡ್ಡ ಗೆರೆ ಕತ್ತರಿಸಿ ಉದ್ದ ಗೆರೆ ಕತ್ತರಿಸದಿದ್ದರೆ, ಡಯೋಡ್ ಮೆಷಿನ್ ಆಗಿದ್ದರೆ, ಅದರ ಚುಕ್ಕೆ ದುಂಡಗಿಲ್ಲದೆ ಉದ್ದುದ್ದ ಇರುವುದೇ ಕಾರಣ.

ಹಾಳೆಯ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅಲ್ಲಿ ನಾವು ಮಾಡುವುದೂ ಕಡಿಮೆ. ಪ್ಲೈವುಡ್‌ನ ಒಳಪದರದಲ್ಲಿ ಗಂಟು, ತೇಪೆ, ಅಂಟು ಗಟ್ಟಿಯಾದ ಜಾಗ ಇರುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಹಾಳೆಯನ್ನು ಬೆನ್ನು ಮೇಲೆ ಮಾಡಿ ನೋಡಿ. ಕತ್ತರಿಸದ ಗೆರೆ ಉದ್ದಕ್ಕೂ ಒಂದೇ ಸಮ ಮಂಕಾಗಿದ್ದರೆ ಮೆಷಿನ್, ಅಲ್ಲೊಂದು ಇಲ್ಲೊಂದು ಬೆರಳಗಲ ಮಾತ್ರ ನಿಂತಿದ್ದರೆ ಹಾಳೆ. ಪಸೆ ಹೀರಿದ ಹಾಳೆಯಲ್ಲಿ ಮೊದಲು ನೀರು ಆವಿಯಾಗಲು ಶಾಖ ಹೋಗುತ್ತದೆ, ಹಾಗಾಗಿ ಹಾಳೆಗಳನ್ನು ಒಣ ಜಾಗದಲ್ಲಿ ಚಪ್ಪಟೆಯಾಗಿ ಮಲಗಿಸಿ ಇಡಿ. ಗಾಳಿ ಊದುವ ಪಂಪಿನ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ಅಂತಲೂ ನೋಡಿ. ಹೊಗೆ ಸರಿಯದಿದ್ದರೆ ಕಿರಣ ಹೊಗೆಯಲ್ಲೇ ಚದುರುತ್ತದೆ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ. ಲೆನ್ಸ್ ಒರೆಸಿ, ಬೆಲ್ಟ್ ಬಿಗಿ ಮಾಡಿ, ನೀರು ಬದಲಿಸಿ, ಆಮೇಲೆ ಸರಿಯಾಯಿತು ಅಂದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪ್ರತಿ ಬದಲಾವಣೆಗೂ ಒಂಬತ್ತು ಚೌಕ ಕತ್ತರಿಸುವುದು ಬೇಜಾರಿನ ಕೆಲಸ, ನಿಜ. ಆದರೆ ಮೆಷಿನ್ ನನಗೆ ಅರ್ಥವಾದದ್ದು ಆ ಚೌಕಗಳಿಂದಲೇ.

ಆ ಚೌಕಗಳನ್ನು ಎಸೆಯಬೇಡಿ. ಹಿಂದೆ ತಾರೀಕು, ಕರೆಂಟ್, ಸ್ಪೀಡ್, ನೀರಿನ ಬಿಸಿ ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ. ಒಂದು ದಿನ ಒಂಬತ್ತೂ ಒಂದೇ ಸಮ ಸೋಲುತ್ತವೆ. ಕನ್ನಡಿ ಸರಿ, ಲೆನ್ಸ್ ಸ್ವಚ್ಛ, ನೀರು ತಣ್ಣಗೆ, ಮುಳ್ಳು ನೆಟ್ಟಗೆ. ಹೋದ ವರ್ಷ 10 ಮಿಲಿ ಆಂಪಿಯರ್‌ನಲ್ಲಿ ಉದುರುತ್ತಿದ್ದದ್ದಕ್ಕೆ ಈಗ 15 ಬೇಕು ಅಂತ ಡಬ್ಬಿಯಲ್ಲಿರುವ ಚೌಕಗಳು ತೋರಿಸುತ್ತವೆ. ಹಾಗಾದರೆ ಟ್ಯೂಬಿಗೆ ವಯಸ್ಸಾಯಿತು. ಒಳಗಿನ ಅನಿಲ ಬಳಸಿದರೂ ಸೊರಗುತ್ತದೆ, ಬಳಸದೆ ಇಟ್ಟರೂ ನಿಧಾನವಾಗಿ ಸೊರಗುತ್ತದೆ. ಬಿಡಿ ಟ್ಯೂಬ್ ಮೊದಲೇ ತಂದು ಕಪಾಟಿನಲ್ಲಿ ಇಡುವುದಕ್ಕಿಂತ ಬೇಕಾದಾಗ ತರುವುದು ವಾಸಿ. ಹೊಸದು ಹಾಕಿದ ದಿನ ಟೇಪ್ ಸುರುಳಿ ಹತ್ತಿರ ಇಟ್ಟುಕೊಂಡೇ ಕೂರಿ. ಹೊಸ ಟ್ಯೂಬಿನ ಕಿರಣ ಹಳೆಯದು ಹೊರಡುತ್ತಿದ್ದ ಜಾಗದಿಂದಲೇ ಹೊರಡುವುದಿಲ್ಲ. ಮೊದಲ ಕನ್ನಡಿಯಿಂದಲೇ ಶುರು ಮಾಡಬೇಕು.